ಊರಿನ ರುಚಿಯ ವಿಮರ್ಶಕರಾಗುವುದು ಹೇಗೆ: ನಾಲಿಗೆಯಿಂದ ಕ್ಯಾಮೆರಾದವರೆಗೆ ಸಮಗ್ರ ಮಾರ್ಗದರ್ಶಿ

ದಾವಣಗೆರೆಯ ಬೆಣ್ಣೆ ದೋಸೆಯ ವಿಡಿಯೊಗಳಿಗೆ ಕೊರತೆಯಿಲ್ಲ. ಕಾವಲಿಯ ಮೇಲೆ ಬೆಣ್ಣೆ ಕರಗುತ್ತದೆ, ತುತ್ತು ಬಾಯಿಗೆ ಹೋಗುತ್ತದೆ, ಕಣ್ಣು ಅರಳುತ್ತದೆ, ‘ಸೂಪರ್’ ಎಂಬ ಉದ್ಗಾರ ಬರುತ್ತದೆ, ಅಲ್ಲಿಗೆ ಮುಗಿಯುತ್ತದೆ. ಇಷ್ಟೆಲ್ಲ ನೋಡಿದ ರಾಣೆಬೆನ್ನೂರಿನ ಒಬ್ಬರಿಗೆ, ಭಾನುವಾರ ಮಕ್ಕಳನ್ನು ಕರೆದುಕೊಂಡು ಅಲ್ಲಿಗೆ ಹೋಗಬಹುದೇ ಎಂಬುದು ಮಾತ್ರ ತಿಳಿದಿರುವುದಿಲ್ಲ. ಎಷ್ಟು ಹೊತ್ತು ಕಾಯಬೇಕು? ಕುಳಿತುಕೊಳ್ಳಲು ಜಾಗವಿದೆಯೇ? ಹಿಟ್ಟು ಎಷ್ಟು ಗಂಟೆಗೆ ಮುಗಿಯುತ್ತದೆ? ಕಟ್ಟಿಗೆ ಒಲೆಯೇ, ಗ್ಯಾಸೇ? ಚಟ್ನಿಯ ಖಾರವನ್ನು ಮಗು ತಡೆದುಕೊಳ್ಳುತ್ತದೆಯೇ? ಈ ಪ್ರಶ್ನೆಗಳಿಗೆ ಉತ್ತರ ಕೊಡುವವರೇ ವಿಮರ್ಶಕರು. ಉಳಿದವರು ಊಟ ಮಾಡುವುದನ್ನು ತೋರಿಸುವವರು.

ಒಂದು ಮೊಬೈಲ್, ಒಂದು ನೋಟ್‌ಬುಕ್ ಮತ್ತು ತನ್ನ ಊರಿನ ಅಡುಗೆಯ ಮೇಲೆ ನಿಜವಾದ ಅಕ್ಕರೆ ಇದ್ದು, ಕನ್ನಡದಲ್ಲಿ ಈ ಕೆಲಸ ಮಾಡಬೇಕೆಂದಿರುವವರಿಗಾಗಿ ಈ ಬರಹ. ಕ್ಯಾಮೆರಾಕ್ಕಿಂತ ಮೊದಲು ನಾಲಿಗೆಯನ್ನು ಪಳಗಿಸಬೇಕು ಎಂಬುದು ನನ್ನ ನಂಬಿಕೆ. ಆದ್ದರಿಂದ ಚಿತ್ರೀಕರಣದ ವಿಷಯ ಸ್ವಲ್ಪ ತಡವಾಗಿ ಬರುತ್ತದೆ.

1. ನಿಮ್ಮ ಸೀಮೆಯನ್ನು ಗೊತ್ತುಮಾಡಿಕೊಳ್ಳಿ

‘ಕರ್ನಾಟಕದ ಎಲ್ಲ ರುಚಿ’ ಎಂದು ಹೊರಟರೆ ಯಾವ ಊರಿನವರೂ ನಿಮ್ಮನ್ನು ನಂಬುವುದಿಲ್ಲ. ಒಂದು ತಾಲ್ಲೂಕು ಸಾಕು. ಇಲ್ಲವೇ ಒಂದು ಬಗೆಯನ್ನು ಹಿಡಿಯಿರಿ: ಮಂಡ್ಯ, ಬೆಂಗಳೂರು ಕಡೆಯ ಮಿಲಿಟರಿ ಹೋಟೆಲ್‌ಗಳು, ಹುಬ್ಬಳ್ಳಿ-ಧಾರವಾಡದ ಖಾನಾವಳಿಗಳು, ತುಮಕೂರಿನ ಕ್ಯಾತ್ಸಂದ್ರದಿಂದ ಬಿಡದಿಯವರೆಗಿನ ತಟ್ಟೆ ಇಡ್ಲಿ ಅಂಗಡಿಗಳು, ಕುಂದಾಪುರ ಸೀಮೆಯ ಮೀನೂಟದ ಮನೆಗಳು.

ವ್ಯಾಪ್ತಿ ಚಿಕ್ಕದಾದಷ್ಟೂ ಅಳತೆಗೋಲು ಸರಿಯಾಗಿರುತ್ತದೆ. ಉಡುಪಿ ಕಡೆಯ ಸಾಂಬಾರಿನಲ್ಲಿ ಬೆಲ್ಲದ ಸಣ್ಣ ಸಿಹಿ ಇರುವುದು ಅಲ್ಲಿನ ಹದ. ಅದನ್ನು ದೋಷವೆಂದು ಬರೆಯುವ ಬಳ್ಳಾರಿಯವರು ಅಡುಗೆಯವರಿಗೆ ಅನ್ಯಾಯ ಮಾಡುತ್ತಾರೆ. ಹುಬ್ಬಳ್ಳಿಯ ಸಾವಜಿ ಹೋಟೆಲಿನಲ್ಲಿ ಖಾರ ಹೆಚ್ಚಾಯಿತು ಎನ್ನುವುದು ವಿಮರ್ಶೆಯೇ ಅಲ್ಲ. ಆ ಖಾರದ ಹಿಂದೆ ಮಸಾಲೆಯ ರುಚಿ ಉಳಿದಿದೆಯೇ ಎಂಬುದು ವಿಮರ್ಶೆ. ಮೈಸೂರಿನ ಮೈಲಾರಿ ದೋಸೆ ಮೆತ್ತಗಿರಬೇಕಾದದ್ದು. ಅದು ಗರಿಗರಿಯಾಗಿಲ್ಲ ಎಂದು ಅಂಕ ಕಳೆದರೆ ನಗೆಪಾಟಲಾಗುತ್ತೀರಿ. ಆಯಾ ಅಡುಗೆ ಏನಾಗಬೇಕೆಂದು ಹೊರಟಿದೆಯೋ ಅದನ್ನು ಮೊದಲು ತಿಳಿದುಕೊಂಡು, ಅಲ್ಲಿಗೆ ಎಷ್ಟು ಹತ್ತಿರ ಬಂದಿದೆ ಎಂದು ನೋಡಬೇಕು.

ಎಲ್ಲಿ ತಿನ್ನಬೇಕು ಎಂಬ ಪಟ್ಟಿಯನ್ನು ಅಂತರ್ಜಾಲದಿಂದ ಇಳಿಸಿಕೊಳ್ಳಬೇಡಿ. ಕೋರ್ಟಿನ ಗುಮಾಸ್ತರು, ಎಪಿಎಂಸಿಯ ಹಮಾಲರು, ಆಟೊ ಚಾಲಕರು, ರಾತ್ರಿ ಪಾಳಿ ಮುಗಿಸಿದ ನರ್ಸ್‌ಗಳು ದಿನವೂ ಹೊರಗೆ ಉಣ್ಣುವವರು. ಅವರಿಗೆ ಹಣದ ಬೆಲೆಯೂ ಗೊತ್ತು, ಹೊಟ್ಟೆಯ ಹಿತವೂ ಗೊತ್ತು. ‘ಚೆನ್ನಾಗಿರುವುದು ಎಲ್ಲಿ?’ ಎಂದು ಕೇಳುವ ಬದಲು ‘ನಿನ್ನೆ ಎಲ್ಲಿ ತಿಂದಿರಿ?’ ಎಂದು ಕೇಳಿ. ಮೊದಲ ಪ್ರಶ್ನೆಗೆ ಪ್ರಸಿದ್ಧ ಹೆಸರು ಬರುತ್ತದೆ, ಎರಡನೆಯದಕ್ಕೆ ನಿಜವಾದ ಉತ್ತರ ಬರುತ್ತದೆ.

2. ನಾಲಿಗೆಯನ್ನು ಪಳಗಿಸಿ

ಈ ಹೆಜ್ಜೆಯನ್ನು ಹೆಚ್ಚಿನವರು ಹಾರಿಬಿಡುತ್ತಾರೆ. ಕನ್ನಡದ ಆಹಾರ ವಿಡಿಯೊಗಳ ಬಡತನ ಇರುವುದೂ ಇಲ್ಲಿಯೇ.

ಒಂದೇ ತಿಂಡಿಯನ್ನು ಒಂದೇ ವಾರದಲ್ಲಿ ನಾಲ್ಕೈದು ಕಡೆ ತಿನ್ನಿ. ಉದ್ದಿನ ವಡೆಯನ್ನೇ ತೆಗೆದುಕೊಳ್ಳಿ. ಒಂದು ಕಡೆ ಹೊರಗೆ ಗರಿಯಾಗಿದ್ದು ಒಳಗೆ ಹತ್ತಿಯಂತೆ ಇರುತ್ತದೆ. ಇನ್ನೊಂದು ಕಡೆ ಮುರಿದರೆ ನಡುವೆ ಹಿಟ್ಟು ಹಸಿಯಾಗಿಯೇ ಉಳಿದಿರುತ್ತದೆ, ಅಂದರೆ ಎಣ್ಣೆ ವಿಪರೀತ ಕಾದಿತ್ತು, ಹೊರಗಿನ ಬಣ್ಣ ಬಂದ ಕೂಡಲೇ ಎತ್ತಿದ್ದಾರೆ. ಮತ್ತೊಂದು ಕಡೆ ಕಾಗದದ ಮೇಲಿಟ್ಟರೆ ಎಣ್ಣೆಯ ಕಲೆ ಹರಡುತ್ತದೆ. ರುಬ್ಬುವಾಗ ನೀರು ಹೆಚ್ಚಾಗಿದ್ದರೂ, ಎಣ್ಣೆ ಸಾಕಷ್ಟು ಕಾಯದಿದ್ದರೂ ಹೀಗಾಗುತ್ತದೆ. ಈ ವ್ಯತ್ಯಾಸಗಳು ಪಕ್ಕಪಕ್ಕದಲ್ಲಿ ತಿಂದಾಗಲೇ ಎದ್ದು ಕಾಣುತ್ತವೆ.

ಆಮೇಲೆ ಅದನ್ನು ಮನೆಯಲ್ಲಿ ಮಾಡಿ. ಚೆನ್ನಾಗಿ ಬರಬೇಕಾಗಿಲ್ಲ, ಎಲ್ಲಿ ಕೆಡುತ್ತದೆ ಎಂಬುದು ಗೊತ್ತಾದರೆ ಸಾಕು. ದಾವಣಗೆರೆಯ ಬೆಣ್ಣೆ ದೋಸೆಯ ಹಿಟ್ಟಿಗೆ ಅಕ್ಕಿ ಮತ್ತು ಉದ್ದಿನ ಜೊತೆ ಮಂಡಕ್ಕಿ ಸೇರಿಸಿ ರುಬ್ಬುತ್ತಾರೆ. ಅಂಚು ಗರಿಯಾಗಿ ನಡುವೆ ಮೃದುವಾಗಿ ಬರುವುದರಲ್ಲಿ ಅದರ ಪಾಲು ದೊಡ್ಡದು. ಬ್ಯಾಡಗಿ ಮೆಣಸಿನಕಾಯಿ ಕೆಂಪು ಬಣ್ಣ ಕೊಡುತ್ತದೆ, ಖಾರ ಕಡಿಮೆ. ಗುಂಟೂರು ಮೆಣಸಿನಕಾಯಿ ಖಾರಕ್ಕೆ. ಹಾಗಾಗಿ ಕೆಂಪು ಚಟ್ನಿ ಕಡುಗೆಂಪಾಗಿದ್ದರೂ ಬಾಯಿ ಉರಿಯದಿದ್ದರೆ ಆಶ್ಚರ್ಯಪಡಬೇಕಿಲ್ಲ. ಕೊಡಗಿನ ಪಂದಿ ಕರಿಯ ಕಪ್ಪು ಬಣ್ಣಕ್ಕೂ ಕೊನೆಯಲ್ಲಿ ಬರುವ ಹುಳಿಗೂ ಕಾಚಂಪುಳಿ ಎಂಬ ಕಪ್ಪು ಹುಳಿರಸ ಕಾರಣ. ಅದು ಇಲ್ಲದೆ ಬೇರೆ ಹುಳಿ ಹಾಕಿದ್ದರೆ ಕೊಡಗಿನವರು ಮೊದಲ ತುತ್ತಿಗೇ ಹೇಳುತ್ತಾರೆ. ಕಾಯಿ ಚಟ್ನಿಯಲ್ಲಿ ಹುರಿಗಡಲೆ ಹೆಚ್ಚಾದರೆ ಚಟ್ನಿ ಮಂದವಾಗಿ ನಾಲಿಗೆಗೆ ಹಿಟ್ಟು ಹಿಟ್ಟಾಗಿ ಹತ್ತುತ್ತದೆ. ಕಾಫಿಯಲ್ಲಿ ಚಿಕೋರಿ ಹೆಚ್ಚಾದರೆ ಬಣ್ಣ ಗಾಢವಾಗಿ, ಕಂಪು ಕಡಿಮೆಯಾಗಿ, ಬಾಯಲ್ಲಿ ಒಂದು ಮೊಂಡು ಕಹಿ ಉಳಿಯುತ್ತದೆ.

ಇದನ್ನೆಲ್ಲ ಹೇಳಲು ನಮ್ಮ ಮನೆಗಳಲ್ಲಿ ಮಾತುಗಳು ಧಾರಾಳವಾಗಿವೆ. ಹಸಿವಾಸನೆ, ಘಾಟು, ಕಮಟು, ಒಗರು, ಜಿಡ್ಡು, ಸಪ್ಪೆ, ಸೀದ ವಾಸನೆ, ಉದುರುದುರು, ಅಂಟಂಟು, ನಾರುನಾರು, ಹದ. ಅಜ್ಜಿಯಂದಿರು ಒಂದು ತೊಟ್ಟು ಸಾರು ಅಂಗೈಗೆ ಹಾಕಿಕೊಂಡು ‘ಹುಳಿ ಮುಂದಾಯಿತು’ ಎನ್ನುತ್ತಾರಲ್ಲ, ಅಷ್ಟು ನಿಖರವಾದ ತೀರ್ಪು ಯಾವ ಐದು ನಕ್ಷತ್ರಗಳ ಪಟ್ಟಿಯಲ್ಲೂ ಇರುವುದಿಲ್ಲ.

ನೋಟ್‌ಬುಕ್ಕಿನಲ್ಲಿ ಪ್ರತಿ ಭೇಟಿಗೂ ಒಂದು ಪುಟ ಕೊಡಿ. ದಿನಾಂಕ, ಹೊತ್ತು, ಏನು ತಿಂದಿರಿ, ಬೆಲೆ, ಹೇಳಿದ ಮೇಲೆ ಎಷ್ಟು ಹೊತ್ತಿಗೆ ಬಂತು, ಬಿಸಿ ಇತ್ತೇ, ಮೊದಲ ತುತ್ತಿನಲ್ಲಿ ಏನು ಅನ್ನಿಸಿತು, ಕೊನೆಯ ತುತ್ತಿನಲ್ಲಿ ಏನು ಅನ್ನಿಸಿತು, ಎರಡು ಗಂಟೆಯ ನಂತರ ಹೊಟ್ಟೆ ಹೇಗಿತ್ತು. ಕೊನೆಯ ಎರಡನ್ನು ಮರೆಯಬೇಡಿ. ಹಸಿದಾಗ ಮೊದಲ ತುತ್ತು ಎಲ್ಲ ಕಡೆಯೂ ರುಚಿ.

3. ಮೊದಲ ಭೇಟಿಗೆ ಕ್ಯಾಮೆರಾ ಬೇಡ

ಮೊದಲ ಸಲ ಸಾಮಾನ್ಯ ಗಿರಾಕಿಯಾಗಿ ಹೋಗಿ, ತಿಂದು, ದುಡ್ಡು ಕೊಟ್ಟು ಬನ್ನಿ. ಕ್ಯಾಮೆರಾ ಕಂಡ ಕೂಡಲೇ ಬೆಣ್ಣೆ ಒಂದು ಮುದ್ದೆ ಹೆಚ್ಚು ಬೀಳುತ್ತದೆ, ಹೊಸ ತಟ್ಟೆ ಹೊರಬರುತ್ತದೆ, ಬಾಳೆ ಎಲೆ ದೊಡ್ಡದಾಗುತ್ತದೆ. ಅದು ಅವರ ಸೌಜನ್ಯ, ತಪ್ಪಲ್ಲ. ಆದರೆ ನಿಮ್ಮ ನೋಡುಗರಿಗೆ ಸಿಗುವ ತಟ್ಟೆ ಅದಲ್ಲ. ವಿಡಿಯೊದಲ್ಲಿ ನಿಮಗೆ ಬಂದ ತಟ್ಟೆಯನ್ನಲ್ಲದೆ ಪಕ್ಕದ ಮೇಜಿಗೆ ಹೋದ ತಟ್ಟೆಯನ್ನೂ, ಅವರ ಒಪ್ಪಿಗೆ ಪಡೆದು, ತೋರಿಸಿದರೆ ಈ ಅಂತರ ಸರಿಹೋಗುತ್ತದೆ.

ಎರಡನೇ ಭೇಟಿ ಬೇರೆ ಹೊತ್ತಿನಲ್ಲಿ ಇರಲಿ. ಬೆಳಿಗ್ಗೆ ಏಳಕ್ಕೆ ಹೂವಿನಂತಿದ್ದ ಇಡ್ಲಿ ಹತ್ತೂವರೆಗೆ ಪಾತ್ರೆಯಲ್ಲೇ ಬೆವತು ಮೆತ್ತಗಾಗಿರಬಹುದು. ಖಾನಾವಳಿಯಲ್ಲಿ ಮಧ್ಯಾಹ್ನ ಒಂದಕ್ಕೆ ಬಿಸಿ ಜೋಳದ ರೊಟ್ಟಿ ಒಂದರ ಹಿಂದೊಂದು ಎಲೆಗೆ ಬೀಳುತ್ತವೆ. ಮೂರಕ್ಕೆ ಹೋದರೆ ಒಣಗಿಸಿದ ಕಟಕ ರೊಟ್ಟಿಯೇ ಗತಿ. ಎರಡೂ ನಿಜ, ಎರಡನ್ನೂ ಹೇಳಬೇಕು.

4. ಒಪ್ಪಿಗೆ ಕೇಳುವ ರೀತಿ

ನೇರವಾಗಿ ಅಡುಗೆಮನೆಗೆ ನುಗ್ಗಬೇಡಿ. ಗಲ್ಲಾಪೆಟ್ಟಿಗೆಯ ಬಳಿ ಕುಳಿತಿರುವ ಯಜಮಾನರ ಬಳಿ, ಜನ ಕಡಿಮೆ ಇರುವ ಹೊತ್ತಿನಲ್ಲಿ, ‘ಯಜಮಾನರೇ, ನಿನ್ನೆ ಇಲ್ಲಿ ತಿಂದೆ, ಇಷ್ಟವಾಯಿತು. ಇದರ ಬಗ್ಗೆ ವಿಡಿಯೊ ಮಾಡಬೇಕೆಂದಿದ್ದೇನೆ, ನಿಮಗೆ ಯಾವ ಹೊತ್ತು ಅನುಕೂಲ?’ ಎಂದು ಕೇಳಿ. ನಿಮ್ಮ ಹಿಂದಿನ ಒಂದು ವಿಡಿಯೊ ತೋರಿಸಿ. ಹಣ ಕೇಳುವುದಿಲ್ಲ, ಹಣ ಕೊಡುವುದೂ ಇಲ್ಲ, ಬಿಲ್ ನಾನೇ ಕಟ್ಟುತ್ತೇನೆ, ಕಂಡದ್ದನ್ನು ಹೇಳುತ್ತೇನೆ ಎಂಬ ನಾಲ್ಕು ಮಾತುಗಳನ್ನು ಮೊದಲೇ ಬಿಡಿಸಿ ಹೇಳಿ. ರಸ್ತೆ ಬದಿಯಲ್ಲಿ ಮಿರ್ಚಿ ಕರಿಯುವ ಅಕ್ಕನಿಗೂ ಇದೇ ಮರ್ಯಾದೆ ಸಲ್ಲಬೇಕು. ಅವರು ಬೇಡ ಎಂದರೆ ಬೇಡ. ಫುಟ್‌ಪಾತಿನ ವ್ಯಾಪಾರಿಗಳು ಹಿಂಜರಿಯುವುದಕ್ಕೆ ನಿಮಗೆ ಕಾಣದ ಕಾರಣಗಳಿರುತ್ತವೆ.

ಅಡುಗೆಯವರನ್ನು, ಬಡಿಸುವವರನ್ನು ಪ್ರತ್ಯೇಕವಾಗಿ ಕೇಳಿ. ಯಜಮಾನರ ಒಪ್ಪಿಗೆ ಅವರ ಮುಖಕ್ಕೆ ಅನ್ವಯಿಸುವುದಿಲ್ಲ. ಇನ್ನು ಗಿರಾಕಿಗಳ ವಿಷಯ. ಮಿಲಿಟರಿ ಹೋಟೆಲಿನಲ್ಲಿ ಕುಳಿತು ಮುದ್ದೆ, ಬೋಟಿ ಗೊಜ್ಜು ಉಣ್ಣುತ್ತಿರುವವರಲ್ಲಿ ಮನೆಯವರಿಗೆ ಗೊತ್ತಿಲ್ಲದೆ ಬಂದವರು ಇರುತ್ತಾರೆ. ಅವರ ಮುಖ ನಿಮ್ಮ ವಿಡಿಯೊದಲ್ಲಿ ಕಂಡರೆ ಮನೆಯಲ್ಲಿ ಏನಾಗುತ್ತದೆ ಎಂದು ಊಹಿಸಿ. ಒಪ್ಪಿಗೆ ಇಲ್ಲದ ಮುಖಗಳನ್ನು ಮಸುಕುಗೊಳಿಸಿ, ಅಥವಾ ಕೈ ಮತ್ತು ಎಲೆಯನ್ನಷ್ಟೇ ತೆಗೆಯಿರಿ.

5. ಚಿತ್ರೀಕರಣ

ದುಬಾರಿ ಕ್ಯಾಮೆರಾ ಬೇಕಿಲ್ಲ. ಈಚಿನ ಯಾವುದೇ ಸಾಧಾರಣ ಮೊಬೈಲ್, ಅಂಗಿಯ ಕಾಲರಿಗೆ ಸಿಕ್ಕಿಸುವ ಸಣ್ಣ ಮೈಕ್, ಒಂದು ಪವರ್ ಬ್ಯಾಂಕ್, ಲೆನ್ಸ್ ಒರೆಸಲು ಹತ್ತಿಯ ಬಟ್ಟೆ. ಕೊನೆಯದೇ ಮುಖ್ಯ. ಹೋಟೆಲಿನ ಅಡುಗೆಮನೆಯಲ್ಲಿ ನಿಮಿಷದೊಳಗೆ ಲೆನ್ಸಿನ ಮೇಲೆ ಹಬೆಯೂ ಎಣ್ಣೆಯ ಪೊರೆಯೂ ಕೂರುತ್ತದೆ. ಮಸುಕು ವಿಡಿಯೊಗಳಲ್ಲಿ ಬಹುಪಾಲು ಒರೆಸದ ಲೆನ್ಸಿನವು.

ಬೆಳಕು: ಕಿಟಕಿಯ ಬಳಿಯ ಮೇಜು ಹಿಡಿಯಿರಿ. ಬೆಳಕು ತಟ್ಟೆಗೆ ಪಕ್ಕದಿಂದ ಬೀಳಲಿ. ಆಗಲೇ ದೋಸೆಯ ಮೇಲಿನ ಸಣ್ಣ ರಂಧ್ರಗಳು, ರೊಟ್ಟಿಯ ಉಬ್ಬು, ಎಣ್ಣೆಗಾಯಿಯ ಮಸಾಲೆಯ ತರಿ ಕಾಣುವುದು. ಎದುರಿನಿಂದ ಫ್ಲಾಶ್ ಹಾಕಿದರೆ ಎಲ್ಲವೂ ಚಪ್ಪಟೆಯಾಗಿ, ಎಣ್ಣೆ ಮಾತ್ರ ಹೊಳೆಯುತ್ತದೆ.

ಹೋಟೆಲಿನೊಳಗೆ ತೆಗೆದ ವಿಡಿಯೊದಲ್ಲಿ ಅಡ್ಡಪಟ್ಟಿಗಳು ಓಡುವುದನ್ನು ನೋಡಿರುತ್ತೀರಿ. ನಮ್ಮ ವಿದ್ಯುತ್ತು 50 ಹರ್ಟ್ಸ್‌ನದು, ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಮೊಬೈಲ್ ತಾನಾಗಿ ಆರಿಸಿಕೊಳ್ಳುವ ಶಟರ್ ವೇಗ, ಅಂದರೆ ಒಂದೊಂದು ಚಿತ್ರಕ್ಕೆ ಬೆಳಕು ಒಳಬಿಡುವ ಅವಧಿ, ಇದಕ್ಕೆ ಹೊಂದುವುದಿಲ್ಲ. ಕ್ಯಾಮೆರಾ ಆ್ಯಪ್‌ನಲ್ಲಿ ಶಟರ್ ವೇಗವನ್ನು 1/50 ಅಥವಾ 1/100 ಸೆಕೆಂಡಿಗೆ ನಿಲ್ಲಿಸಿ, ಸಾಧ್ಯವಿದ್ದರೆ ಸೆಕೆಂಡಿಗೆ 25 ಫ್ರೇಮ್ ಇಡಿ. ಪಟ್ಟಿಗಳು ಮಾಯವಾಗುತ್ತವೆ. ಕಪ್ಪು ಕಾವಲಿ, ಬಿಳಿ ಹಿಟ್ಟು ಎರಡೂ ಒಂದೇ ಚೌಕಟ್ಟಿನಲ್ಲಿದ್ದರೆ ಬೆಳಕಿನ ಪ್ರಮಾಣ ಏರಿಳಿಯುತ್ತಲೇ ಇರುತ್ತದೆ. ಪರದೆಯ ಮೇಲೆ ಹಿಟ್ಟಿನ ಭಾಗವನ್ನು ಒತ್ತಿ ಹಿಡಿದು ಅದನ್ನು ಲಾಕ್ ಮಾಡಿ.

ಬೆಣ್ಣೆ ದೋಸೆಯ ಅಂಗಡಿಯಲ್ಲಿ ಏನೇನು ತೆಗೆಯಬೇಕು ಎಂದು ಒಂದು ಉದಾಹರಣೆಯಾಗಿ ಹೇಳುತ್ತೇನೆ. ಭಟ್ಟರು ಕಾದ ಕಾವಲಿಗೆ ನೀರು ಚಿಮುಕಿಸಿ ಕಡ್ಡಿ ಪೊರಕೆಯಿಂದ ಗುಡಿಸುತ್ತಾರೆ. ಆ ಚೊಂಯ್ ಶಬ್ದವೇ ಕಾವಿನ ಅಳತೆ. ಮಾತಿಲ್ಲದೆ ಇಪ್ಪತ್ತು ಸೆಕೆಂಡು ಅದನ್ನೇ ಧ್ವನಿಮುದ್ರಿಸಿ. ಹಿಟ್ಟು ಸುರಿದು ಬಟ್ಟಲಿನ ತಳದಿಂದ ಸುತ್ತುವಾಗ ಕೈಯ ಓಟವನ್ನು ಮೇಲಿನಿಂದ, ಕತ್ತರಿಸದೆ, ಪೂರ್ತಿ ತೆಗೆಯಿರಿ. ಹಿಟ್ಟಿನ ಮೇಲೆ ರಂಧ್ರ ಮೂಡುವ ಹೊತ್ತಿಗೆ ಹತ್ತಿರ ಹೋಗಿ. ಬೆಣ್ಣೆ ಬಿದ್ದು ಅಂಚಿಗೆ ಹರಿದು ನೊರೆಯೆದ್ದು ಅಂಚು ಕಂದಾಗುವವರೆಗೆ ಕೈ ಅಲ್ಲಾಡಿಸಬೇಡಿ. ಒಲೆಯ ಬಾಯಿ, ಅದರೊಳಗಿನ ಕಟ್ಟಿಗೆ ಅಥವಾ ಗ್ಯಾಸಿನ ಉರಿ. ತಟ್ಟೆ ಬಂದ ಮೇಲೆ ದೋಸೆಯನ್ನು ಹರಿದು ಒಳಮೈ ತೋರಿಸಿ, ಪಲ್ಯವನ್ನು ಬೆರಳಿನಿಂದ ಒತ್ತಿ ತೋರಿಸಿ. ಆಮೇಲೆ ಬೆಲೆಯ ಫಲಕ, ಕೈ ತೊಳೆಯುವ ಜಾಗ, ಬೀದಿಯಿಂದ ಅಂಗಡಿ ಕಾಣುವ ರೀತಿ, ವಾಹನ ನಿಲ್ಲಿಸುವ ತಾಣ. ನೋಡುಗರಿಗೆ ನಿಮ್ಮ ಮುಖಕ್ಕಿಂತ ಇವು ಹೆಚ್ಚು ಉಪಯೋಗಕ್ಕೆ ಬರುತ್ತವೆ.

ಹೋಟೆಲಿನ ಗದ್ದಲದಲ್ಲಿ ಉದ್ದದ ಮಾತು ಆಡಬೇಡಿ. ತಿಂದ ಕೂಡಲೇ ಅನ್ನಿಸಿದ ಎರಡು ಮಾತು ಅಲ್ಲಿರಲಿ, ಉಳಿದ ವಿವರಣೆಯನ್ನು ಮನೆಗೆ ಬಂದು ಬಟ್ಟೆಯ ಬೀರು ಇರುವ ಕೋಣೆಯಲ್ಲಿ ಓದಿ ಸೇರಿಸಿ. ಬಟ್ಟೆಗಳು ಪ್ರತಿಧ್ವನಿಯನ್ನು ಹೀರುತ್ತವೆ. ಹಿನ್ನೆಲೆಗೆ ಚಿತ್ರಗೀತೆ ಹಾಕಿದರೆ ಹಕ್ಕುಸ್ವಾಮ್ಯದ ದೂರು ಬಂದು ಆದಾಯ ಹಾಡಿನ ಒಡೆಯರಿಗೆ ಹೋಗಬಹುದು. ಕಾವಲಿಯ ಸದ್ದು ಇರುವಾಗ ಹಾಡು ಬೇಕೂ ಇಲ್ಲ.

6. ಹೇಳುವ ಮಾತು

‘ಅದ್ಭುತವಾದ ಬೆಣ್ಣೆ ದೋಸೆ, ಬಾಯಲ್ಲಿಟ್ಟರೆ ಕರಗುತ್ತದೆ, ಒಮ್ಮೆ ತಪ್ಪದೆ ಭೇಟಿ ಕೊಡಿ.’ ಈ ವಾಕ್ಯವನ್ನು ರಾಜ್ಯದ ಯಾವ ಹೋಟೆಲಿಗೆ ಬೇಕಾದರೂ ಅಂಟಿಸಬಹುದು. ಹಾಗೆ ಎಲ್ಲ ಕಡೆಗೂ ಸಲ್ಲುವ ವಾಕ್ಯ ಯಾವ ಕಡೆಗೂ ಸಲ್ಲುವುದಿಲ್ಲ. ಅದರ ಬದಲು:

‘ಅಂಗೈಗಿಂತ ಸ್ವಲ್ಪ ದೊಡ್ಡ ದೋಸೆ, ಅಂಚು ಕಂದುಬಣ್ಣಕ್ಕೆ ತಿರುಗಿದೆ, ನಡುವೆ ಮೆತ್ತಗಿದೆ. ಹಿಟ್ಟಿನಲ್ಲಿ ಹುಳಿ ತೀರಾ ಕಡಿಮೆ, ಬೆಣ್ಣೆಯ ಉಪ್ಪಿಲ್ಲದ ಸಿಹಿ ಮುಂದೆ ಬರುತ್ತದೆ. ಆಲೂ ಪಲ್ಯ ಸಪ್ಪೆ ಎನ್ನಿಸಬಹುದು, ಆದರೆ ಈ ಊರಿನಲ್ಲಿ ಅದು ಹಾಗೆಯೇ ಇರುವುದು, ಖಾರ ಚಟ್ನಿಯಲ್ಲಿದೆ. ಎರಡನೇ ದೋಸೆಯ ಹೊತ್ತಿಗೆ ಜಿಡ್ಡು ಅನ್ನಿಸಿತು. ಒಬ್ಬರಿಗೆ ಒಂದು ಬೆಣ್ಣೆ ದೋಸೆ, ಒಂದು ಖಾಲಿ ದೋಸೆ ಸರಿಹೋಗುತ್ತದೆ. ಭಾನುವಾರ ಒಂಬತ್ತಕ್ಕೆ ಹೋದಾಗ ಅರ್ಧ ಗಂಟೆ ಕಾದೆವು.’

ಇದನ್ನು ಕೇಳಿದವರಿಗೆ ಹೋಗಬೇಕೋ ಬೇಡವೋ ಎಂದು ತಾವೇ ತೀರ್ಮಾನಿಸಲು ಬೇಕಾದಷ್ಟು ಸಿಕ್ಕಿತು. ಒಂದು ವಿಶೇಷಣ ಬರೆದಾಗಲೆಲ್ಲ ‘ಹಾಗೆಂದು ಹೇಗೆ ಗೊತ್ತಾಯಿತು?’ ಎಂದು ಕೇಳಿಕೊಳ್ಳಿ; ಉತ್ತರವನ್ನು ಬರೆಯಿರಿ, ವಿಶೇಷಣವನ್ನು ಅಳಿಸಿ.

ಹೋಟೆಲಿನ ಇತಿಹಾಸ ಹೇಳುವಾಗ ಎಚ್ಚರ. ‘ನೂರು ವರ್ಷದ ಹೋಟೆಲ್’ ಎಂದು ಹೇಳುವುದು ಸುಲಭ. ಬೆಂಗಳೂರಿನ ಎಂಟಿಆರ್ 1924ರದು, ಗಾಂಧಿ ಬಜಾರಿನ ವಿದ್ಯಾರ್ಥಿ ಭವನ 1943ರದು ಎಂಬುದು ದಾಖಲಾಗಿದೆ. ಎರಡನೇ ಮಹಾಯುದ್ಧದ ಕಾಲದ ಅಕ್ಕಿಯ ಕೊರತೆಯಲ್ಲಿ ರವೆ ಇಡ್ಲಿ ಹುಟ್ಟಿದ್ದು ತಮ್ಮಲ್ಲಿ ಎಂದು ಎಂಟಿಆರ್‌ನವರು ಹೇಳುತ್ತಾರೆ. ನಿಮ್ಮ ಊರಿನ ಹೋಟೆಲಿನ ಬಗ್ಗೆ ಹಳೆಯ ಪರವಾನಗಿ ಪತ್ರ, ಗೋಡೆಯ ಮೇಲಿನ ಉದ್ಘಾಟನೆಯ ಫೋಟೊ ಸಿಕ್ಕರೆ ಇಸವಿ ಹೇಳಿ. ಸಿಗದಿದ್ದರೆ ‘ಯಜಮಾನರು ಹೇಳುವ ಪ್ರಕಾರ’ ಎಂದು ಸೇರಿಸಿ.

7. ಶುಚಿ, ಬಣ್ಣ, ಪರವಾನಗಿ

ಆಹಾರ ಮಾರುವ ಪ್ರತಿಯೊಬ್ಬರಿಗೂ ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ ಅಥವಾ ಪರವಾನಗಿ ಬೇಕು. 14 ಅಂಕಿಗಳ ಆ ಸಂಖ್ಯೆ ಅಂಗಡಿಯಲ್ಲಿ ಕಾಣುವಂತಿರಬೇಕು. 2022ರ ಜನವರಿಯಿಂದ ಬಿಲ್ಲಿನ ಮೇಲೂ ಕಡ್ಡಾಯ. ಸಂಖ್ಯೆ 2ರಿಂದ ಶುರುವಾಗಿದ್ದರೆ ಸಣ್ಣ ವ್ಯಾಪಾರಿಯ ನೋಂದಣಿ, 1ರಿಂದ ಶುರುವಾಗಿದ್ದರೆ ಪರವಾನಗಿ. ಅದನ್ನು ಪ್ರಾಧಿಕಾರದ ಜಾಲತಾಣದಲ್ಲಿ ಯಾರು ಬೇಕಾದರೂ ಪರಿಶೀಲಿಸಬಹುದು.

ನಮ್ಮ ರಾಜ್ಯದಲ್ಲಿ 2024ರ ಮಾರ್ಚ್‌ನಲ್ಲಿ ಗೋಬಿ ಮಂಚೂರಿ ಮತ್ತು ಬಾಂಬೆ ಮಿಠಾಯಿಗೆ, ಅದೇ ವರ್ಷದ ಜೂನ್‌ನಲ್ಲಿ ಕಬಾಬ್‌ಗಳಿಗೆ ಕೃತಕ ಬಣ್ಣ ಹಾಕುವುದನ್ನು ಸರ್ಕಾರ ನಿಷೇಧಿಸಿತು. 2025ರ ಫೆಬ್ರುವರಿಯಲ್ಲಿ ಇಡ್ಲಿ ತಟ್ಟೆಯ ಮೇಲೆ ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಹಾಸುವುದಕ್ಕೂ ತಡೆ ಬಂತು. ವಿಮರ್ಶಕರು ಇವನ್ನು ನೋಡದಿದ್ದರೆ ಇನ್ಯಾರು ನೋಡಬೇಕು? ಗೋಬಿ ಸಿಗ್ನಲ್ ದೀಪದ ಹಾಗೆ ಕೆಂಪಾಗಿ, ತಿಂದ ಮೇಲೆ ಬೆರಳಿಗೆ ಬಣ್ಣ ಹತ್ತಿದರೆ ಆ ಬೆರಳನ್ನೇ ತೋರಿಸಿ. ‘ಇದರಲ್ಲಿ ಇಂಥ ರಾಸಾಯನಿಕ ಇದೆ’ ಎಂದು ಮಾತ್ರ ಹೇಳಬೇಡಿ. ಅದನ್ನು ಹೇಳುವುದು ಪ್ರಯೋಗಾಲಯ. ಇಡ್ಲಿ ಬೇಯುವ ಪಾತ್ರೆಯ ಮುಚ್ಚಳ ತೆಗೆದಾಗ ಬಟ್ಟೆ ಇದೆಯೋ ಹಾಳೆ ಇದೆಯೋ ಎಂಬುದು ಕಣ್ಣಿಗೇ ಕಾಣುತ್ತದೆ. ಬಟ್ಟೆ ಇದ್ದರೆ ಆ ಅಂಗಡಿಯ ಹೆಗ್ಗಳಿಕೆಯಾಗಿ ಹೇಳಿ.

8. ಹಣದ ವಿಷಯ

ಬಿಲ್ ನೀವೇ ಕಟ್ಟಿ, ಬಿಲ್ಲಿನ ಫೋಟೊ ಇಟ್ಟುಕೊಳ್ಳಿ, ವಿಡಿಯೊದಲ್ಲಿ ಒಂದು ವಾಕ್ಯದಲ್ಲಿ ಹೇಳಿ. ಯಜಮಾನರು ಪ್ರೀತಿಯಿಂದ ಬೇಡವೆಂದರೆ, ‘ಇಲ್ಲ ಯಜಮಾನರೇ, ತೆಗೆದುಕೊಂಡರೆ ನನ್ನ ಮಾತಿಗೆ ಬೆಲೆ ಇರುವುದಿಲ್ಲ’ ಎಂದರೆ ಅರ್ಥಮಾಡಿಕೊಳ್ಳುತ್ತಾರೆ. ವ್ಯಾಪಾರಸ್ಥರಿಗೆ ಆ ಮಾತು ಬೇಗ ಅರ್ಥವಾಗುತ್ತದೆ.

ಹೆಸರು ಬಂದ ಮೇಲೆ ಪ್ರಚಾರಕ್ಕೆ ಹಣ ಕೊಡುವವರು ಬರುತ್ತಾರೆ. ಪಡೆಯುವುದು ತಪ್ಪಲ್ಲ, ಮುಚ್ಚಿಡುವುದು ತಪ್ಪು, ಕಾನೂನಿಗೂ ವಿರುದ್ಧ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದಾರಿತಪ್ಪಿಸುವ ಪ್ರಚಾರ ಮಾಡಿದವರಿಗೆ 10 ಲಕ್ಷ ರೂಪಾಯಿವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ಹಾಕಬಹುದು. ಒಂದು ವರ್ಷದವರೆಗೆ, ಮತ್ತೆ ಮಾಡಿದರೆ ಮೂರು ವರ್ಷದವರೆಗೆ ಯಾವ ಪ್ರಚಾರವನ್ನೂ ಮಾಡದಂತೆ ತಡೆಯಬಹುದು. ಹಣ ಮಾತ್ರವಲ್ಲ, ಉಚಿತ ಊಟ, ಉಡುಗೊರೆ, ಪ್ರವಾಸ, ನೆಂಟಸ್ತಿಕೆ ಎಲ್ಲವನ್ನೂ ಹೇಳಲೇಬೇಕು. 2023ರ ಜನವರಿಯಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ಹೊರತಂದ ಸೂಚನೆಯಂತೆ ಈ ಘೋಷಣೆ ವಿಡಿಯೊದ ಭಾಷೆಯಲ್ಲೇ ಇರಬೇಕು, ಮಾತಿನಲ್ಲೂ ಪರದೆಯ ಮೇಲೂ ಬರಬೇಕು. ಕನ್ನಡ ವಿಡಿಯೊ ಆದರೆ ‘ಇದು ಜಾಹೀರಾತು’ ಎಂದು ಕನ್ನಡದಲ್ಲೇ. ಜಾಹೀರಾತು ಮಾನದಂಡಗಳ ಮಂಡಳಿಯ ನಿಯಮದ ಪ್ರಕಾರ 15 ಸೆಕೆಂಡಿನೊಳಗಿನ ವಿಡಿಯೊದಲ್ಲಿ ಆ ಬರಹ ಕನಿಷ್ಠ 3 ಸೆಕೆಂಡು, 15 ಸೆಕೆಂಡಿನಿಂದ 2 ನಿಮಿಷದವರೆಗಿನ ವಿಡಿಯೊದಲ್ಲಿ ಮೂರನೇ ಒಂದು ಭಾಗದಷ್ಟು ಹೊತ್ತು ಇರಬೇಕು. ಯೂಟ್ಯೂಬಿನಲ್ಲಿ ‘ಹಣ ಪಡೆದ ಪ್ರಚಾರ’ದ ಗುರುತನ್ನೂ ಹಾಕಿ.

ನನ್ನ ಸಲಹೆ ಇನ್ನೊಂದು ಹೆಜ್ಜೆ ಮುಂದಿದೆ. ವಿಮರ್ಶಿಸುವ ಹೋಟೆಲುಗಳಿಂದ ಹಣವನ್ನೇ ಪಡೆಯಬೇಡಿ. ಪಾತ್ರೆ ಅಂಗಡಿ, ಗಾಣದ ಎಣ್ಣೆಯವರು, ಪ್ರವಾಸ ಸಂಸ್ಥೆ, ಪುಸ್ತಕದ ಮಳಿಗೆ ಹೀಗೆ ತಟ್ಟೆಯ ಹೊರಗಿನವರಿಂದ ಜಾಹೀರಾತು ಪಡೆಯಿರಿ. ಊಟ ಉಚಿತವಾಗಿ ಕೊಡದಿದ್ದರೆ ಕೆಟ್ಟದಾಗಿ ಹೇಳುತ್ತೇನೆ ಎಂದು ಹೆದರಿಸುವವರು ಈ ಕ್ಷೇತ್ರದಲ್ಲಿ ಇದ್ದಾರೆ. ಅದು ಸುಲಿಗೆ. ಅಂಥವರೊಂದಿಗೆ ಸೇರಿ ವಿಡಿಯೊ ಮಾಡಬೇಡಿ.

ಯೂಟ್ಯೂಬಿನ ಜಾಹೀರಾತು ಆದಾಯಕ್ಕೆ 1,000 ಚಂದಾದಾರರು ಮತ್ತು ಹಿಂದಿನ 12 ತಿಂಗಳಲ್ಲಿ 4,000 ಗಂಟೆಗಳ ವೀಕ್ಷಣೆ ಬೇಕು. ಇಲ್ಲವೇ 90 ದಿನಗಳಲ್ಲಿ ಕಿರುವಿಡಿಯೊಗಳಿಗೆ ಒಂದು ಕೋಟಿ ವೀಕ್ಷಣೆ. ಕನ್ನಡದ ಸ್ಥಳೀಯ ವಾಹಿನಿಗೆ ಇದು ಬೇಗ ಕೈಗೂಡುವುದಿಲ್ಲ, ಕೈಗೂಡಿದ ಮೇಲೂ ಅದರಿಂದಲೇ ಮನೆ ನಡೆಯುತ್ತದೆ ಎಂದುಕೊಂಡು ಕೆಲಸ ಬಿಡಬೇಡಿ. ಒಂದು ಸಂಸ್ಥೆ ವರ್ಷದಲ್ಲಿ 20,000 ರೂಪಾಯಿಗಿಂತ ಹೆಚ್ಚಿನ ಬೆಲೆಯ ವಸ್ತು ಅಥವಾ ಸೌಲಭ್ಯ ಕೊಟ್ಟರೆ ಶೇ 10ರಷ್ಟು ತೆರಿಗೆ ಮೂಲದಲ್ಲೇ ಕಡಿತವಾಗಬೇಕೆಂಬ ನಿಯಮ 2022ರ ಜುಲೈನಲ್ಲಿ ಬಂದಿದೆ. ಲೆಕ್ಕವನ್ನು ಮೊದಲ ದಿನದಿಂದಲೇ ಬರೆದಿಡಿ.

9. ಚೆನ್ನಾಗಿಲ್ಲ ಎಂದು ಹೇಳುವುದು

ಎಲ್ಲವನ್ನೂ ಹೊಗಳುವವರ ಹೊಗಳಿಕೆಗೆ ಬೆಲೆಯಿಲ್ಲ. ಆದರೆ ತೆಗಳಿಕೆಗೆ ತೂಕ ಬೇಕು. ಹತ್ತಾರು ಶಾಖೆಗಳಿರುವ ಹೋಟೆಲಿನ ಸಾಂಬಾರು ಹಳಸಿತ್ತು ಎನ್ನುವುದಕ್ಕೂ, ಒಂಟಿಯಾಗಿ ತಳ್ಳುಗಾಡಿ ನಡೆಸುವವರ ಬಜ್ಜಿ ಆರಿತ್ತು ಎನ್ನುವುದಕ್ಕೂ ಪರಿಣಾಮದಲ್ಲಿ ಅಜಗಜಾಂತರ. ತಳ್ಳುಗಾಡಿ ಇಷ್ಟವಾಗದಿದ್ದರೆ ವಿಡಿಯೊ ಮಾಡದೆ ಸುಮ್ಮನಿರಿ. ದೊಡ್ಡ ಹೋಟೆಲಾದರೆ ಎರಡು ಬೇರೆ ಬೇರೆ ದಿನ ತಿಂದು ಅದೇ ದೋಷ ಕಂಡರೆ ಮಾತ್ರ, ದಿನ ಮತ್ತು ಹೊತ್ತಿನ ಸಮೇತ ಹೇಳಿ. ಪ್ರಕಟಿಸುವ ಮೊದಲು ಅವರ ಉತ್ತರ ಕೇಳಿ, ಕೊಟ್ಟರೆ ಸೇರಿಸಿ.

ಮೂರು ವಿಷಯಗಳನ್ನು ಬೆರೆಸಬೇಡಿ. ನನಗೆ ರುಚಿಸಲಿಲ್ಲ ಎಂಬುದು ಅಭಿರುಚಿ. ಬೇಯಲಿಲ್ಲ, ಹಳಸಿತ್ತು, ಬಿಲ್ಲಿನಲ್ಲಿ ಹೆಚ್ಚು ಹಾಕಿದರು ಎಂಬುದು ದೋಷ. ತಿಂದವರಿಗೆ ಅಪಾಯ ಎಂಬುದು ಆರೋಪ. ಆರೋಪಕ್ಕೆ ಸಾಕ್ಷ್ಯ ಬೇಕು. ‘ಇಲ್ಲಿ ತಿಂದು ಕಾಯಿಲೆ ಬಿದ್ದೆ’ ಎಂದು ವಿಡಿಯೊ ಮಾಡುವ ಬದಲು ಆಹಾರ ಸುರಕ್ಷತಾ ಇಲಾಖೆಗೆ ದೂರು ಕೊಡಿ. ‘ಫುಡ್ ಸೇಫ್ಟಿ ಕನೆಕ್ಟ್’ ಆ್ಯಪ್ ಇರುವುದು ಅದಕ್ಕೇ. ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್ ಪ್ರಕಾರ ಮಾನಹಾನಿ ಇಂದಿಗೂ ಅಪರಾಧ. ಸತ್ಯ ಮತ್ತು ಸಾರ್ವಜನಿಕ ಹಿತ ನಿಮ್ಮ ಕಡೆ ಇರಬೇಕು, ಅದನ್ನು ತೋರಿಸಲು ಬಿಲ್ಲು, ಫೋಟೊ, ನೋಟ್‌ಬುಕ್ಕಿನ ಪುಟ ಕೈಯಲ್ಲಿರಬೇಕು. ಕೂಲಿಯವರ ಜಾತಿ, ಊರು, ಭಾಷೆ ಎತ್ತಿ ಶುಚಿತ್ವದ ಮಾತು ಆಡುವುದನ್ನು ಮಾತ್ರ ಎಂದೂ ಮಾಡಬೇಡಿ.

10. ಪ್ರಕಟಿಸುವಾಗ

ಶೀರ್ಷಿಕೆಯಲ್ಲಿ ಊರು, ತಿಂಡಿ, ಒಂದು ನಿರ್ದಿಷ್ಟ ಸಂಗತಿ ಇರಲಿ: ‘ಕ್ಯಾತ್ಸಂದ್ರದ ತಟ್ಟೆ ಇಡ್ಲಿ: ಬೆಳಿಗ್ಗೆ 6ರಿಂದ, ಬಟ್ಟೆ ಹಾಸಿದ ತಟ್ಟೆಯಲ್ಲಿ’. ಮುಖಚಿತ್ರದಲ್ಲಿ ನಿಮಗೆ ಬಂದ ತಟ್ಟೆಯೇ ಇರಲಿ. ವಿವರಣೆಯಲ್ಲಿ ವಿಳಾಸ, ನಕ್ಷೆಯ ಕೊಂಡಿ, ಸಮಯ, ವಾರದ ರಜೆ, ಬೆಲೆ, ಬೆಲೆಯ ಪಕ್ಕದಲ್ಲಿ ದಿನಾಂಕ. ವಿಡಿಯೊದ ಯಾವ ಭಾಗ ಎಷ್ಟು ಹೊತ್ತಿಗೆ ಬರುತ್ತದೆ ಎಂದು ತೋರಿಸುವ ಅಧ್ಯಾಯಗಳನ್ನು 0:00ರಿಂದ ಶುರುಮಾಡಿ ಕನಿಷ್ಠ ಮೂರಾದರೂ ಹಾಕಿ, ಬೆಲೆ ಎಲ್ಲಿದೆ ಎಂದು ಹುಡುಕುವವರು ನೇರ ಅಲ್ಲಿಗೆ ಹೋಗುತ್ತಾರೆ. ಕನ್ನಡದ ಉಪಶೀರ್ಷಿಕೆ ನೀವೇ ಬರೆದು ಸೇರಿಸಿ. ಬಸ್ಸಿನಲ್ಲಿ ಧ್ವನಿಯಿಲ್ಲದೆ ನೋಡುವವರಿಗೆ, ಕಿವಿ ಕೇಳದವರಿಗೆ, ದುಬೈಯಲ್ಲೋ ಸೋಲಾಪುರದಲ್ಲೋ ಬೆಳೆದು ಓದಲು ಕಲಿಯುತ್ತಿರುವ ಕನ್ನಡದ ಮಕ್ಕಳಿಗೆ ಅದು ನೆರವಾಗುತ್ತದೆ. ಕಿರುವಿಡಿಯೊದಲ್ಲಿ ಒಂದೇ ಸಂಗತಿ ಹೇಳಿ, ಪೂರ್ತಿ ವಿಮರ್ಶೆಗೆ ಕೊಂಡಿ ಕೊಡಿ.

11. ಜನ ಬಂದ ಮೇಲೆ

ಇದರ ಬಗ್ಗೆ ಯಾರೂ ಹೇಳಿಕೊಡುವುದಿಲ್ಲ, ಆದರೆ ನನಗೆ ಎಲ್ಲಕ್ಕಿಂತ ಹೆಚ್ಚು ಕಾಳಜಿಯ ವಿಷಯ ಇದೇ. ಗಂಡ ಹೆಂಡತಿ ಇಬ್ಬರೇ ನಡೆಸುವ, ದಿನಕ್ಕೆ ಒಂದು ಪಾತ್ರೆ ಹಿಟ್ಟು ರುಬ್ಬುವ ಅಂಗಡಿಗೆ ಒಂದೇ ಭಾನುವಾರ ಇನ್ನೂರು ಹೊಸಬರು ಬಂದರೆ ಹಿಟ್ಟು ಹುದುಗುವ ಮೊದಲೇ ಕಾವಲಿಗೆ ಬೀಳುತ್ತದೆ, ವರ್ಷಗಳಿಂದ ಬರುತ್ತಿದ್ದ ಗಿರಾಕಿಗೆ ತಿಂಡಿ ಸಿಗುವುದಿಲ್ಲ, ರಸ್ತೆಯಲ್ಲಿ ಗಾಡಿಗಳು ನಿಂತು ನೆರೆಯವರು ದೂರು ಕೊಡುತ್ತಾರೆ. ಆದ್ದರಿಂದ ಚಿತ್ರೀಕರಣದ ದಿನವೇ ‘ಜನ ಹೆಚ್ಚಾದರೆ ನಿಭಾಯಿಸುತ್ತೀರಾ? ಯಾವ ವಾರ ಹಾಕಲಿ?’ ಎಂದು ಕೇಳಿ. ವಿಡಿಯೊವನ್ನು ಸೋಮವಾರ ಅಥವಾ ಮಂಗಳವಾರ ಹಾಕಿ, ಜನ ನಿಧಾನವಾಗಿ ಹರಡಿ ಬರುತ್ತಾರೆ. ಎಷ್ಟು ಗಂಟೆಗೆ ಹಿಟ್ಟು ಮುಗಿಯುತ್ತದೆ ಎಂಬುದನ್ನು ದೊಡ್ಡದಾಗಿ ಬರೆಯಿರಿ. ಮನೆಯಲ್ಲೇ ರೊಟ್ಟಿ ತಟ್ಟಿ ಮಾರುವ ಅಕ್ಕಂದಿರ ಮನೆ ವಿಳಾಸವನ್ನು ಹಾಕಬೇಡಿ. ಅವರು ಒಪ್ಪಿದರೆ ಆರ್ಡರ್ ಪಡೆಯುವ ಸಂಖ್ಯೆಯನ್ನಷ್ಟೇ ಕೊಡಿ.

ತಿಂಗಳ ನಂತರ ಕ್ಯಾಮೆರಾ ಇಲ್ಲದೆ ಅಲ್ಲಿಗೆ ಮತ್ತೆ ಹೋಗಿ ತಿನ್ನಿ. ರುಚಿ ಹಾಗೆಯೇ ಇದ್ದರೆ, ಅಥವಾ ಇಳಿದಿದ್ದರೆ, ವಿಡಿಯೊದ ಕೆಳಗೆ ದಿನಾಂಕದೊಂದಿಗೆ ಒಂದು ಸಾಲು ಬರೆದು ಅದನ್ನು ಮೇಲೆ ಪಿನ್ ಮಾಡಿ. ಬೆಲೆ ಬದಲಾಗಿದ್ದರೆ ವಿವರಣೆಯಲ್ಲಿ ತಿದ್ದಿ. ಭಟ್ಟರು ಬದಲಾಗಿದ್ದರೆ ಅದನ್ನೂ ಬರೆಯಿರಿ, ಎಷ್ಟೋ ಹೋಟೆಲಿನ ರುಚಿ ಒಬ್ಬ ಭಟ್ಟರ ಕೈಯಲ್ಲೇ ಇರುತ್ತದೆ. ಅಂಗಡಿ ಮುಚ್ಚಿದ್ದರೆ ವಿಡಿಯೊ ಅಳಿಸಬೇಕಿಲ್ಲ, ಶೀರ್ಷಿಕೆಯ ಮೊದಲಿಗೇ ‘ಮುಚ್ಚಿದೆ’ ಎಂದು ಸೇರಿಸಿ. ದೂರದಿಂದ ಬಸ್ಸು ಹತ್ತಿ ಬರುವವರಿಗೆ ಅದು ಮೊದಲು ತಿಳಿಯಬೇಕು.